ಲಕ್ಷಗೆರೆ ಕೈ

ನಮ್ಮ ಮನೆಯ ಪಡಸಾಲೆಯಲ್ಲಿ ದೇವರ ಫೋಟೋಗಳಿಗಿಂತ ಒಂದು ಗೇಣು ಮೇಲೆ ಒಂದು ಕೈಯನ್ನು ನೇತುಹಾಕಿದ್ದಾರೆ. ಹೆದರಬೇಡಿ, ನಿಜವಾದ ಕೈಯಲ್ಲ, ಗಾಜಿನ ಕಟ್ಟು ಹಾಕಿಸಿದ ಕೈಯ ಅಚ್ಚು. ನಮ್ಮಪ್ಪನದು. ನಾನು ಸಣ್ಣವಳಿದ್ದಾಗ ಬೇವೂರಿಗೆ ಕೈ ನೋಡುವವನೊಬ್ಬ ಬಂದಿದ್ದ. ಮೂರು ದಿನ ನಮ್ಮ ಮನೆಯಲ್ಲೇ ಉಂಡು, ನಾಲ್ಕನೆಯ ದಿನ ಹೊರಡುವಾಗ ಅಪ್ಪನ ಅಂಗೈಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿಸಿದ. "ಯಜಮಾನ್ರ, ಇಂಥಾ ಕೈ ನಾ ಎಲ್ಲೂ ನೋಡಿಲ್ರಿ. ಇದು ಲಕ್ಷಗೆರಿ ಕೈ. ಲಕ್ಷ ಮಂದಿಗೆ ಅನ್ನ ಹಾಕೋ ಕೈ" ಅಂದ. ಮೂರು ದಿನ ಪುಕ್ಕಟೆ ರೊಟ್ಟಿ ತಿಂದವನು ಇನ್ನೇನು ಹೇಳುತ್ತಾನೆ? ಅಂದಿನಿಂದ ನಮ್ಮದು ಲಕ್ಷಗೆರಿಯವರ ಮನೆಯಾಯಿತು. ಲಕ್ಷ ಮಂದಿಯ ಮಾತಿರಲಿ, ಮನೆಗೆ ಬಂದ ಬೀಗರಿಗೆ ಎರಡನೆಯ ಸಲ ಸಾರು ಬಡಿಸಿದ್ದನ್ನೂ ನಾನು ನೋಡಿಲ್ಲ.

ಅಪ್ಪ ಸತ್ತ ಮೇಲೆ ನನ್ನ ತಮ್ಮ ವಿರುಪಣ್ಣನಿಗೆ ಮೊದಲು ಬಂದದ್ದು ಆ ಕೈಯ ಸೊಕ್ಕು, ಹೊಲ ಬಂದದ್ದು ಆಮೇಲೆ. ಅವನ ಅಂಗೈಯೂ ಹಾಗೆಯೇ. ಸಣ್ಣ ಸಣ್ಣ ಗೆರೆಗಳು, ಅಡ್ಡ, ಉದ್ದ, ಒಂದರ ಮೇಲೊಂದು. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುವಾಗ ಕೂಡ ಕಂಡಕ್ಟರನ ಮುಂದೆ ಅಂಗೈಯನ್ನು ಎರಡು ಗಳಿಗೆ ಹೆಚ್ಚೇ ಹಿಡಿಯುತ್ತಾನೆ. ಕಟ್ಟೆಯ ಮೇಲೆ ಕೂತರೆ ಎರಡೂ ಅಂಗೈಗಳನ್ನು ಹಪ್ಪಳ ಒಣಹಾಕಿದಂತೆ ತೊಡೆಯ ಮೇಲೆ ಬಿಚ್ಚಿಟ್ಟುಕೊಳ್ಳುತ್ತಾನೆ. ಮೊಣಕಾಲಿನ ಕೆಳಗೆ ಅವನ ಚರ್ಮ ಬೇಸಿಗೆಯ ಕೆರೆಯ ತಳದಂತೆ ಬಿರಿದು ಹೊಪ್ಪಳೆ ಏಳುತ್ತದೆ. ಅದರ ಮೇಲೆ ಮಾತ್ರ ಧೋತರ ಎಳೆದುಕೊಳ್ಳುತ್ತಾನೆ. ಮುಚ್ಚುವುದರಲ್ಲಿ ನಮ್ಮ ಮನೆತನ ಭಾರಿ ಜಾಣ ಮನೆತನ.

ನನ್ನ ಹೆಸರು ಹುಲಗೆಮ್ಮ. ನನ್ನ ಅಂಗೈಯಲ್ಲೂ ಅವೇ ಗೆರೆಗಳಿವೆ. ಹೆಣ್ಣಿನ ಅಂಗೈ ರೊಟ್ಟಿ ಬಡಿಯಲಿಕ್ಕೆ ಇರುವುದು, ಅದಕ್ಕೆ ಯಾರು ಮಸಿ ಬಳಿಯುತ್ತಾರೆ? ನನ್ನ ಪಾಲಿಗೆ ಗೆರೆಯ ಜೊತೆ ಇನ್ನೊಂದೂ ಬಂದಿತ್ತು. ಇಸಬು. ಮೊಣಕೈಯ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ, ಕುತ್ತಿಗೆಯ ಸುತ್ತ. ಕೆರೆದರೆ ನೀರು ಸೋರುತ್ತಿತ್ತು, ಕೆರೆಯದಿದ್ದರೆ ಜೀವ ಹೋಗುತ್ತಿತ್ತು. ಹದಿನಾರಕ್ಕೆ ನನ್ನನ್ನು ಕುಷ್ಟಗಿಗೆ ಕೊಟ್ಟರು. ಉದ್ದ ತೋಳಿನ ಕುಬಸ ತೊಡಿಸಿ ಕೊಟ್ಟರು, ಬಾಯಿ ಬಿಡಲಿಲ್ಲ. ಗಂಡ ಒಳ್ಳೆಯವನು. ನೋಡಿದ ಮೇಲೂ ಯಾರಿಗೂ ಹೇಳದೆ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ತಾನೇ ಹಚ್ಚುತ್ತಿದ್ದ. ದೀಪಾವಳಿಯ ಎಣ್ಣೆನೀರಿನ ದಿನ ಅತ್ತೆಯ ಕಣ್ಣಿಗೆ ಬಿತ್ತು. ದೊಡ್ಡರೋಗ, ಕುಷ್ಠ ಅಂದಳು. ಮರುದಿನದ ಬಸ್ಸಿಗೆ ನನ್ನನ್ನು ಹತ್ತಿಸಿದರು.

ಅಪ್ಪ ಊರಿಗೆ ಏನು ಹೇಳಿದ ಗೊತ್ತೆ? ಅಳಿಯನಿಗೆ ಹುಚ್ಚು, ಅದಕ್ಕೇ ಮಗಳನ್ನು ಕರೆತಂದೆವು ಎಂದ. ಎಣ್ಣೆ ಹಚ್ಚಿದ ಆ ಪುಣ್ಯಾತ್ಮ ಸತ್ತು ಹತ್ತು ವರ್ಷವಾಯಿತು, ಬೇವೂರಿನಲ್ಲಿ ಇಂದಿಗೂ ಅವನು ಹುಚ್ಚನೇ. ಅಲ್ಲ ಎಂದು ನಾನೂ ಒಂದು ದಿನ ಹೇಳಲಿಲ್ಲ. ನಲವತ್ತು ವರ್ಷ ಮಣಿಕಟ್ಟಿನವರೆಗೆ ತೋಳಿರುವ ಕುಬಸ ತೊಟ್ಟೆ. ಕೊಪ್ಪಳ ಜಿಲ್ಲೆಯಾದ ವರ್ಷ ಅಂಗನವಾಡಿ ಟೀಚರ್ ಆದೆ, ತಮ್ಮನ ಮನೆಯಲ್ಲೇ ಉಳಿದೆ. ಏಪ್ರಿಲ್ ಬಿಸಿಲಿನಲ್ಲೂ ಮೈತುಂಬ ಬಟ್ಟೆ ಹಾಕುವ ಶಿಸ್ತಿನ ಹೆಣ್ಣುಮಗಳು ಎಂದು ಊರು ನನ್ನನ್ನು ಹೊಗಳಿತು. ಶಿಸ್ತಂತೆ, ಮಣ್ಣಂಗಟ್ಟಿ!

ಈಗ ರಂಜಿತಾಳ ವಿಷಯಕ್ಕೆ ಬರುತ್ತೇನೆ. ವಿರುಪಣ್ಣನ ಒಬ್ಬನೇ ಮಗ ಗಾಳೇಶ. ಅವನಿಗೆ ಹೆಣ್ಣು ನೋಡಲು ಹೇಮಗುಡ್ಡದ ಹತ್ತಿರದ ಹಳ್ಳಿಗೆ ಹೋಗಿದ್ದೆವು. ಗಂಗಾವತಿ ಕಡೆಯ ಕಾಲುವೆ ಸೀಮೆ, ಎಲ್ಲಿ ನೋಡಿದರೂ ಹಸಿರು ಭತ್ತ. ನಮ್ಮ ಮನೆಯಲ್ಲಿ ಹೆಣ್ಣು ನೋಡುವ ಪದ್ಧತಿಯೇ ಬೇರೆ. ಹಾಡು ಅನ್ನುವುದಿಲ್ಲ, ನಡೆ ಅನ್ನುವುದಿಲ್ಲ, ಅಂಗೈ ತೋರಿಸು ಅನ್ನುತ್ತಾರೆ. ರಂಜಿತಾ ಕೈ ಚಾಚಿದಳು. ನುಣುಪಾದ, ಮೂರೇ ಮೂರು ಗೆರೆಯ ಅಂಗೈ.

"ಗೆರಿ ಭಾಳ ಕಡಿಮಿ ಅದಾವ. ಬಡ ಕೈ," ಎಂದು ವಿರುಪಣ್ಣ ಮೂಗು ಮುರಿದ. ಆಮೇಲೆ ಕಿಟಕಿಯಿಂದ ಭತ್ತದ ಗದ್ದೆ ನೋಡಿ, "ಇರ್ಲಿ ಬಿಡ್ರಿ, ನಮ್ಮ ಮನಿಗೆ ಬಂದ ಮ್ಯಾಲೆ ಬೀಳ್ತಾವ" ಅಂದ.

ಹುಡುಗಿಯ ಅಪ್ಪ ಗೋವಿಂದರಾಜ ಸಾಧು ಮನುಷ್ಯ. ಈ ಮಾತಿಗೂ ಕೈಮುಗಿದ. ಮದುವೆಯಾದ ವರ್ಷವೆಲ್ಲ ನನ್ನ ತಮ್ಮ, "ನಮ್ಮ ಬೀಗರು ನೀರಾವರಿ ಮಂದಿ" ಎಂದು ತಳಕಲ್ಲಿನಿಂದ ಯಲಬುರ್ಗಾದವರೆಗೆ ಹೇಳಿಕೊಂಡು ತಿರುಗಿದ.

ಮರುವರ್ಷ ಕೂಸು ಹುಟ್ಟಿತು. ಹೆಣ್ಣು. ತೀರಿಹೋದ ವಿರುಪಣ್ಣನ ಹೆಂಡತಿ ಕಳಕಮ್ಮನ ಹೆಸರನ್ನೇ ಇಟ್ಟು ಕಳಕಿ ಎಂದು ಕರೆದೆವು. ಐದನೆಯ ತಿಂಗಳಿಗೆ ಕೂಸಿನ ಕೆನ್ನೆ ಕೆಂಪಾಯಿತು. ಆಮೇಲೆ ಮೊಣಕೈಯ ಮಡಿಕೆ ಒಡೆಯಿತು. ರಂಜಿತಾ ಹೆದರಿ ಮೊದಲು ನನ್ನ ಹತ್ತಿರ ಬಂದಳು. ಕೂಸಿನ ತೋಳು ಬಿಡಿಸಿ, "ಅತ್ತೀ, ಇದೇನ್ರಿ? ನೀವು ಅಂಗನವಾಡ್ಯಾಗ ಎಷ್ಟೋ ಹುಡುಗ್ರನ್ನ ನೋಡೀರಿ" ಎಂದು ಕೇಳಿದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನನ್ನ ಕುಬಸದ ಒಳಗೆ ಇದ್ದದ್ದೇ ಆ ಕೂಸಿನ ತೋಳಿನ ಮೇಲೆ ಇತ್ತು. "ಬೆವರುಸಾಲಿ ಇರ್ಬೇಕವಾ, ಹೋಗ್ತೈತಿ" ಎಂದು ಹೇಳಿ ಒಳಗೆ ಹೋದೆ.

ಹೋಗಲಿಲ್ಲ. ಕೂಸು ಕೆರೆದುಕೊಂಡು ರಕ್ತ ಮಾಡಿಕೊಳ್ಳುತ್ತಿತ್ತು. ರಂಜಿತಾ ಹಳೆಯ ಧೋತರ ಹರಿದು ಅದರ ಕೈಗಳಿಗೆ ಚೀಲ ಹೊಲಿದು ಕಟ್ಟುತ್ತಿದ್ದಳು. ವಿರುಪಣ್ಣನ ನೀರಾವರಿ ಬೀಗರು ಒಂದೇ ತಿಂಗಳಲ್ಲಿ ಕೆಸರಿನ ಮಂದಿ ಆಗಿಬಿಟ್ಟರು. ಅವನ ಸಿದ್ಧಾಂತ ಇಷ್ಟೇ: ಕಾಲುವೆ ಸೀಮೆಯವರು ತಲೆತಲಾಂತರದಿಂದ ಗದ್ದೆಯ ಕೆಸರಿನಲ್ಲಿ ನಿಂತು ನಿಂತು ಅವರ ರಕ್ತ ಕೊಳೆತಿದೆ, ಎರೆಹೊಲದ ಒಣ ಮಂದಿಯಾದ ನಮಗೆ ಇಂಥ ರೋಗ ಬರುವುದು ಸಾಧ್ಯವೇ ಇಲ್ಲ. ಎಂಥ ಪಂಡಿತ! ಆ ಕಾಲುವೆಗೆ ನೀರು ಬಂದು ಎಷ್ಟು ತಲೆಯಾಯಿತು ಎಂದು ಕೇಳುವವರು ಯಾರೂ ಇರಲಿಲ್ಲ. ಸೊಸೆಗೆ ಅನ್ನ ಬಂದ್ ಮಾಡಿದ. ಅನ್ನ ಉಣ್ಣುತ್ತ ಬೆಳೆದ ಹುಡುಗಿ, ಹಾಲು ಕುಡಿಸುವ ಬಾಣಂತಿ, ಒಣ ರೊಟ್ಟಿ ಅಗಿದಳು. ಬದನೆಕಾಯಿ ಬಂದ್, ಶೇಂಗಾ ಬಂದ್. ಕೂಸಿಗೆ ಸುಡುಸುಡು ಬೇವಿನ ನೀರು, ಬಟ್ಟೆ ತೊಳೆಯುವ ಸೋಪು. "ಜಿಡ್ಡು ಹಚ್ಚಬ್ಯಾಡ್ರಿ, ಜಿಡ್ಡು ತಿಂದು ರೋಗ ಕೊಬ್ಬತೈತಿ" ಎಂದು ಅಪ್ಪಣೆ. ಪಡಸಾಲೆಯಲ್ಲಿ ಕೂಸು ಅತ್ತು ಅತ್ತು ನೀಲಿಯಾಗುತ್ತಿತ್ತು. ನನ್ನ ಗಂಡ ಎಣ್ಣೆ ಹಚ್ಚಿದಾಗ ನನಗೆಷ್ಟು ಹಾಯೆನಿಸುತ್ತಿತ್ತು ಎಂಬುದು ನನಗೆ ನೆನಪಿತ್ತು. ಆದರೂ ಬಾಯಿ ಬಿಡಲಿಲ್ಲ.

ಇದಕ್ಕಿಂತ ಮಜಾ ಕೇಳಿ. ಕಳಕಿಯ ಅಂಗೈ ತುಂಬ ಗೆರೆಗಳಿದ್ದವು. ವಿರುಪಣ್ಣ ಮೊಮ್ಮಗಳ ಅಂಗೈ ಬಿಡಿಸಿ, "ನೋಡ್ರಿ ನೋಡ್ರಿ, ನಮ್ಮಪ್ಪನ ಕೈ! ಲಕ್ಷಗೆರಿ!" ಎಂದು ಮುದ್ದು ಕೊಡುವನು. ಅದೇ ತೋಳನ್ನು ಒಂದು ಗೇಣು ಮೇಲಕ್ಕೆ ನೋಡಿ, "ಥೂ, ಅವ್ವನ ರಕ್ತ" ಎಂದು ಮುಖ ತಿರುಗಿಸುವನು. ಮಣಿಕಟ್ಟಿನ ಈಚೆಗೆ ನಮ್ಮದು, ಆಚೆಗೆ ಅವರದು. ಒಂದೇ ಕೂಸಿನ ಮೈಯಲ್ಲಿ ಗಡಿ ಕಲ್ಲು ನೆಟ್ಟ ಮಹಾನುಭಾವ. ಗಾಳೇಶ ಇದನ್ನೆಲ್ಲ ನೋಡುತ್ತ ಮೊಬೈಲ್ ಒರೆಸುತ್ತ ಕೂತಿರುತ್ತಿದ್ದ. ಅವನ ಬೆನ್ನಿನಲ್ಲಿ ಎಲುಬು ಇದೆಯೋ ಇಲ್ಲವೋ ಎಂದು ಯಾರಾದರೂ ಡಾಕ್ಟರರೇ ಪರೀಕ್ಷೆ ಮಾಡಬೇಕಿತ್ತು.

ಹೀಗೆ ನಾಲ್ಕು ವರ್ಷ ನಡೆಯಿತು. ಮಗನಿಗೆ ಎರಡನೆಯ ಮದುವೆ ಮಾಡುವುದು ಎಂದು ವಿರುಪಣ್ಣ ತೀರ್ಮಾನಿಸಿದ. ತಳಕಲ್ಲಿನಲ್ಲಿ ಒಂದು ಹೆಣ್ಣನ್ನೂ ನೋಡಿದ, ಗೆರೆ ಪರವಾಗಿಲ್ಲವಂತೆ. ಅದಕ್ಕೆ ಮೊದಲು ಪಂಚರನ್ನು ಕೂಡಿಸಿ ರಂಜಿತಾಳಿಗೆ ಸೋಡಚೀಟಿ ಬರೆಸಿ, ತಾಯಿ ಮಗಳಿಬ್ಬರನ್ನೂ ತವರಿಗೆ ಅಟ್ಟಬೇಕು. ರೋಗ ಮುಚ್ಚಿಟ್ಟು ಹೆಣ್ಣು ಕೊಟ್ಟರು ಎಂಬುದು ಅಪವಾದ. ಯಾರು ಯಾರಿಗೆ ಹೊರಿಸುವ ಅಪವಾದ ನೋಡಿ! ನಾನು ಅಡುಗೆಮನೆಯಲ್ಲಿ ಇದನ್ನು ಕೇಳಿ ನಕ್ಕೆ. ನಗುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ.

ಅದೇ ಚಳಿಗಾಲ ದೂರದ ಒಂದು ಮೆಡಿಕಲ್ ಕಾಲೇಜಿನವರು ನಮ್ಮ ಅಂಗನವಾಡಿಗೆ ಬಂದರು. ಇಸಬು ಇರುವ ಮಕ್ಕಳನ್ನೂ ಅವರ ಮನೆಯವರನ್ನೂ ಪರೀಕ್ಷಿಸಿ, ಒಪ್ಪಿದವರ ರಕ್ತ ತೆಗೆದುಕೊಂಡು, ಇದು ವಂಶದಲ್ಲಿ ಹೇಗೆ ಹರಿದುಬರುತ್ತದೆ ಎಂದು ನೋಡುವವರು. ತಂಡದ ಮುಖ್ಯಸ್ಥೆ ಶಮಾ ಎಂಬ ಚರ್ಮದ ಡಾಕ್ಟರ್. ನಮ್ಮ ಕಡೆಯ ಹುಡುಗಿಯೇ, ನಮ್ಮ ಮಾತೇ ಆಡುತ್ತಿದ್ದಳು. ನಾನು ಹೇಳುವ ಮೊದಲೇ ವಿರುಪಣ್ಣ ಮನೆಮಂದಿಯನ್ನೆಲ್ಲ ಎಳೆದುಕೊಂಡು ಬಂದ. ಅವನ ಲೆಕ್ಕಾಚಾರ ಕೇಳಿ.

"ಟೀವ್ಯಾಗ ರಕ್ತ ನೋಡಿ ಅಪ್ಪ ಯಾರಂತ ಹೇಳ್ತಾರ. ರೋಗ ಯಾರದಂತ ಹೇಳಂಗಿಲ್ಲೇನು? ಪಂಚರ ಮುಂದ ಕಾಗದ ಇಟ್ರ ಬೀಗನ ಬಾಯಿ ಬಂದ್ ಆಗ್ತೈತಿ" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದನಂತೆ. ತನ್ನ ಬಲೆಗೆ ತಾನೇ ನಡೆದು ಬಂದ, ಅದೂ ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು.

ಶಮಾ ಡಾಕ್ಟರ್ ಕಳಕಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡಿದರು. ಆಮೇಲೆ ವಿರುಪಣ್ಣನನ್ನು ಕೇಳಿದರು. "ಹಿರ್ಯಾರ, ನಿಮ್ಮ ಮನ್ಯಾಗ ಹಿಂದ ಯಾರಿಗರೆ ಇಂಥಾ ತುರಿಕಿ ಇತ್ತೇನ್ರಿ? ಅಪ್ಪ, ಅವ್ವ, ಅಕ್ಕತಂಗ್ಯಾರು?"

"ಏಳು ತಲಿ ತಗದು ನೋಡ್ರಿ. ನಮ್ಮಲ್ಲಿ ಒಂದು ಗುಳ್ಳಿ ಸೈತ ಎದ್ದಿಲ್ಲ."

ನಾನು ಎರಡು ಮಾರು ದೂರದಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ. ಅವನು ಹಾಗೆ ಹೇಳಿ ನನ್ನ ಕಡೆ ಒಮ್ಮೆ ನೋಡಿದ. ನಾನು ಪುಟ ತಿರುವಿದೆ.

"ನಿಮ್ಮ ಕೈ ತೋರಸ್ರಿ" ಎಂದರು ಡಾಕ್ಟರ್. ಅಷ್ಟೇ ಸಾಕಾಗಿತ್ತು ಅವನಿಗೆ. ಎರಡೂ ಅಂಗೈ ಬಿಚ್ಚಿ ಮೇಜಿನ ಮೇಲೆ ಹರವಿದ.

"ಈ ಗೆರಿ ಎಷ್ಟು ವರ್ಷದಿಂದ ಅದಾವ್ರಿ?"

"ಹುಟ್ಟಿದಾಗಿಂದ್ರಿ! ನಮ್ಮಪ್ಪಗೂ ಇದ್ದುವು, ಮಗಗೂ ಅದಾವ. ನಮ್ಮಪ್ಪನ ಕೈಗೆ ಕಟ್ಟು ಹಾಕಿಸಿ ಪಡಸಾಲ್ಯಾಗ ಇಟ್ಟೇವ್ರಿ. ಮನಿಗೆ ಬರ್ರಿ, ತೋರಸ್ತೀನಿ."

ಡಾಕ್ಟರ್ ಜೊತೆಗಿದ್ದ ಹುಡುಗಿಯನ್ನು ಕರೆದು ಅವನ ಅಂಗೈಗಳ ಫೋಟೋ ತೆಗೆಸಿದರು. ವಿರುಪಣ್ಣ ಫೋಟೋಕ್ಕೆಂದು ಎದೆ ಉಬ್ಬಿಸಿದ. ಫೋಟೋ ಎದೆಯದಲ್ಲ ಎಂದು ಅವನಿಗೆ ಹೊಳೆಯಲಿಲ್ಲ. ಕಾಲು ತೋರಿಸಿ ಎಂದಾಗ ಮಾತ್ರ, "ಧೂಳದಾಗ ಅಡ್ಡಾಡೋ ಮಂದಿ, ಕಾಲೇನ ನೋಡ್ತೀರಿ ಬಿಡ್ರಿ" ಎಂದು ಧೋತರ ಹಿಡಿದುಕೊಂಡ. ಅವರು ಅಂಚು ಸರಿಸಿ ನೋಡಿ ಬರೆದುಕೊಂಡರು. ರಂಜಿತಾಳ ಅಂಗೈಯನ್ನೂ ನೋಡಿದರು.

"ಅದು ಬಡ ಕೈರಿ," ಎಂದ ನನ್ನ ತಮ್ಮ.

ಡಾಕ್ಟರ್ ಅವನ ಮುಖವನ್ನು ಒಂದು ಸಲ ನೋಡಿದರು. ನಾಲ್ವರ ರಕ್ತ ತೆಗೆದುಕೊಂಡರು. ಕೂಸಿಗೆ ಮುಲಾಮು ಕೊಟ್ಟು, ಉಗುರುಬೆಚ್ಚಗಿನ ನೀರು ಹಾಕಿ, ಮೈ ಹಸಿ ಇರುವಾಗಲೇ ಜಿಡ್ಡು ಹಚ್ಚಿ ಎಂದು ರಂಜಿತಾಳಿಗೆ ಎರಡೆರಡು ಸಲ ಹೇಳಿದರು. ಅವಳು ಮುಲಾಮನ್ನು ಖಾರದಪುಡಿಯ ಡಬ್ಬಿಯ ಹಿಂದೆ ಬಚ್ಚಿಟ್ಟು, ಮಾವ ಹೊಲಕ್ಕೆ ಹೋದಾಗ ಹಚ್ಚುತ್ತಿದ್ದಳು. ಕಳಕಿ ಹಗಲು ನಿದ್ದೆ ಮಾಡತೊಡಗಿತು. ಬೇವಿನ ನೀರಿನ ಮಹಿಮೆ ಎಂದ ವಿರುಪಣ್ಣ. ತನ್ನ ಕೈಯ ಫೋಟೋ ದೊಡ್ಡ ಪುಸ್ತಕದಲ್ಲಿ ಬರುತ್ತದೆ ಎಂದು ಊರಿಗೆಲ್ಲ ಸಾರಿದ.

ಆರು ತಿಂಗಳ ಮೇಲೆ, ಕಾರಹುಣ್ಣಿಮೆಯ ವಾರ, ಶಮಾ ಡಾಕ್ಟರ್ ಮತ್ತೆ ಅಂಗನವಾಡಿಗೆ ಬಂದರು. ಒಬ್ಬೊಬ್ಬರಿಗೇ ಖಾಸಗಿಯಾಗಿ ಹೇಳಬೇಕು ಎಂದು ಬಾಗಿಲು ಮುಂದೆ ಮಾಡಿದರು. ವಿರುಪಣ್ಣ ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡ. ನಾನು ಎದ್ದು ಹೊರಟರೆ, "ನಮ್ಮ ಅಕ್ಕನ ಅದಾಳ, ಇರ್ಲಿ" ಎಂದ. ತೀರ್ಪಿಗೆ ಒಬ್ಬ ಸಾಕ್ಷಿ ಬೇಕಾಗಿತ್ತಲ್ಲ.

"ನಿಮ್ಮ ಮನಿ ಮೇಲ್ಮುದ್ದೀದ ಅಲ್ರಿ?" ಎಂದು ಡಾಕ್ಟರ್ ಶುರು ಮಾಡಿದರು. "ಮಾಳಿಗಿ ಮ್ಯಾಲಿನ ಮಣ್ಣಾಗ ಅಂಟು ಕಡಿಮಿ ಇದ್ರ ಏನಾಗ್ತೈತಿ?"

"ಬಿರಿತೈತಿ. ಸೋರ್ತೈತಿ."

"ಚರ್ಮಕ್ಕೂ ಅಂಥಾದ್ದೊಂದು ಅಂಟು ಬೇಕ್ರಿ. ಅದನ್ನ ತಯಾರ ಮಾಡೋ ಜೀನ್ ಎಲ್ಲಾರಿಗೂ ಎರಡೆರಡು ಇರ್ತಾವ, ಅಪ್ಪಂದೊಂದು, ಅವ್ವಂದೊಂದು. ನಿಮ್ಮಲ್ಲಿ ಎರಡರಾಗ ಒಂದು ಬದಲಾಗೈತಿ, ಕೆಲಸ ಮಾಡಂಗಿಲ್ಲ. ನಿಮ್ಮ ಮಗನಲ್ಲೂ ಐತಿ. ಮೊಮ್ಮಗಳಿಗೂ ಅದ ಬಂದೈತಿ. ನಿಮ್ಮ ಸೊಸಿಯಲ್ಲಿ ಇಲ್ಲ."

"ನನಗ ಒಂದು ಗುಳ್ಳಿ ಇಲ್ಲಲ್ರಿ!"

"ಇದ್ದವ್ರಿಗೆಲ್ಲಾ ಇಸಬು ಬರ್ಬೇಕಂತಿಲ್ರಿ. ಬರೋ ಸಂಭವ ಹೆಚ್ಚು, ಅಷ್ಟ. ಒಣ ಹವಾ, ಧೂಳ, ಸೋಪು, ಬ್ಯಾರೆ ಜೀನು, ಎಲ್ಲಾ ಕೂಡಿದ್ರ ಒಬ್ರಿಗೆ ಬರ್ತೈತಿ, ಒಬ್ರಿಗೆ ಇಲ್ಲ. ಇದು ಯಾರ ತಪ್ಪೂ ಅಲ್ಲ. ನಿಮ್ಮ ಅಂಗೈ ಗೆರಿ, ಕಾಲಾಗಿನ ಹೊಪ್ಪಳಿ ಅದಾವಲ್ಲ, ಅವು ಇದರ ಗುರುತ್ರಿ. ಕೈ ನೋಡಿದ ದಿನಾನ ನನಗ ಸಂಶಯ ಬಂದಿತ್ತು."

ವಿರುಪಣ್ಣ ಮೆಲ್ಲಗೆ ಅಂಗೈಗಳನ್ನು ಮುಷ್ಟಿ ಮಾಡಿ ತೊಡೆಯ ಕೆಳಗೆ ಸೇರಿಸಿದ. ಐವತ್ತೈದು ವರ್ಷದಲ್ಲಿ ಅವನು ಕೈ ಮುಚ್ಚಿದ್ದನ್ನು ನಾನು ನೋಡಿದ್ದು ಅವತ್ತೇ. ಆ ಮುಖವನ್ನು ಕಟ್ಟು ಹಾಕಿಸಿ ಅಪ್ಪನ ಕೈಯ ಪಕ್ಕದಲ್ಲಿ ಇಡಬೇಕಾಗಿತ್ತು.

"ನಿಮ್ಮ ಸೊಸಿ ಎಲ್ಲದಾರ್ರಿ? ಅವರಿಗೂ ನಾನ ಹೇಳ್ಬೇಕು."

"ತವರಿಗೆ ಹೋಗ್ಯಾಳ್ರಿ" ಎಂದ ವಿರುಪಣ್ಣ, ಕಣ್ಣು ಮಿಟುಕಿಸದೆ. ರಂಜಿತಾ ಆ ಹೊತ್ತು ನಮ್ಮ ಹಿತ್ತಲಿನಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಾಳೇಶ ನೆಲ ನೋಡಿದ.

ಡಾಕ್ಟರ್ ಒಂದು ಚೀಟಿಯ ಮೇಲೆ ಫೋನ್ ನಂಬರ್ ಬರೆದು ನನ್ನ ಕೈಗೆ ಕೊಟ್ಟರು. "ಟೀಚರ್, ಅವ್ರು ಬಂದ ಕೂಡ್ಲೆ ಇದನ್ನ ಕೊಡ್ರಿ." ಆಮೇಲೆ ನನ್ನ ಉದ್ದ ತೋಳನ್ನು, ನನ್ನ ಅಂಗೈಯನ್ನು ನೋಡಿದರು. "ನೀವು ಇವ್ರ ಅಕ್ಕ ಅಂದ್ರ... ನಿಮಗೇನೂ ತ್ರಾಸ ಇಲ್ಲಲ್ರಿ?"

"ಇಲ್ರಿ," ಅಂದೆ.

ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟೆ. ದಾರಿಯಲ್ಲಿ ವಿರುಪಣ್ಣ, "ಅಕ್ಕಾ, ನೀ ಏನೂ ಕೇಳಿಲ್ಲ. ಇದು ಹೊರಗ ಬಂದ್ರ ಕುಷ್ಟಗೀದೂ ಹೊರಗ ಬರ್ತೈತಿ ನೋಡು" ಎಂದ. ಸಂಜೆ ರಂಜಿತಾ ನನಗೆ ಚಹಾ ತಂದುಕೊಟ್ಟಳು. ಡಬ್ಬಿ ನನ್ನ ತೊಡೆಯ ಮೇಲೇ ಇತ್ತು. ಚಹಾ ಕುಡಿದೆ. ಇಷ್ಟು ಹೊತ್ತು ನನ್ನ ತಮ್ಮನನ್ನು ಬೈದೆನಲ್ಲ, ನನ್ನನ್ನು ಏನೆಂದು ಬೈಯಬೇಕೋ ನೀವೇ ಹೇಳಿ.

ಎಂಟು ದಿನಕ್ಕೆ ನಮ್ಮ ಪಡಸಾಲೆಯಲ್ಲಿ ಪಂಚರು ಕೂಡಿದರು. ಊರಿನ ಹಿರಿಯರಾದ ಮುದಿಯಪ್ಪ ಮತ್ತು ಖಾಜಾಸಾಬ ಕಂಬಳಿಯ ಮೇಲೆ ಕೂತಿದ್ದರು. ಹೇಮಗುಡ್ಡದ ಕಡೆಯಿಂದ ಗೋವಿಂದರಾಜ ಒಬ್ಬನೇ ಬಂದಿದ್ದ. ಗಾಳೇಶ ಕಂಬಕ್ಕೆ ಒರಗಿ ನಿಂತಿದ್ದ. ರಂಜಿತಾ ಬಾಗಿಲ ಹತ್ತಿರ ಕಳಕಿಯನ್ನು ಎತ್ತಿಕೊಂಡು ನಿಂತಿದ್ದಳು. ನಾನು ಒಳಗೆ ಚಹಾ ಸೋಸುತ್ತಿದ್ದೆ.

ವಿರುಪಣ್ಣ ಡಾಕ್ಟರ್ ಕೊಟ್ಟಿದ್ದ ಲಕೋಟೆಯಿಂದ ಕಾಗದ ತೆಗೆದು ಝಾಡಿಸಿದ. ಇಂಗ್ಲಿಷಿನ ಕಾಗದ, ಅದೂ ಅವನದೇ ರಕ್ತದ ಕಾಗದ. ಓದಲು ಬರುವವರು ಅಲ್ಲಿ ಯಾರೂ ಇಲ್ಲ ಎಂಬ ಧೈರ್ಯ. "ದೊಡ್ಡ ದವಾಖಾನಿ ಕಾಗದರಿ ಇದು. ರಕ್ತ ತಪಾಸ ಮಾಡ್ಯಾರ. ರೋಗ ಅವ್ವನ ಕಡಿಂದ ಬಂದೈತಿ ಅಂತ ಬರ್ದಾರ. ಹಿಂಗ ಮುಚ್ಚಿಟ್ಟು ಹೆಣ್ಣು ಕೊಟ್ರ ನಾವೇನು ಮಾಡೂಣ್ರಿ?" ಎಂದ.

ಗೋವಿಂದರಾಜ ಎದ್ದು ನಿಂತ. ಜಗಳ ಮಾಡುತ್ತಾನೆ ಎಂದುಕೊಂಡೆ. ದೇವರಾಣೆ, ಅವನು ಒಂದು ಮಾತು ಎದುರಾಡಿದ್ದರೂ ನಾನು ಒಳಗೇ ಉಳಿಯುತ್ತಿದ್ದೆನೇನೋ. ಅವನು ಕೈಮುಗಿದ. ನುಣುಪಾದ ಆ ಎರಡು ಕೈ ಜೋಡಿಸಿ, "ತಪ್ಪಾತ್ರಿ ಬೀಗ್ರ. ಗದ್ದಿ ಕೆಸರು ಹಿಂಗ ಮಾಡತೈತಿ ಅಂತ ನಮಗ ತಿಳಿದಿದ್ದಿಲ್ಲ. ನಮ್ಮ ರಕ್ತದ ಪಾಪ, ನಮ್ಮ ಕೂಸಿಗೆ ಬಂತು. ಕ್ಷಮಾ ಮಾಡ್ರಿ" ಎಂದ. ಹೇಳುತ್ತ ಅತ್ತುಬಿಟ್ಟ.

ನಮ್ಮ ಮನೆಯ ರೋಗಕ್ಕೆ ಅವನು ಕ್ಷಮೆ ಕೇಳುತ್ತಿದ್ದ. ನನ್ನ ತಮ್ಮ, "ಇರ್ಲಿ ಬಿಡ್ರಿ, ಆಗೋದು ಆತು" ಎಂದು ದೊಡ್ಡಸ್ತಿಕೆಯಿಂದ ಕ್ಷಮಿಸುತ್ತಿದ್ದ! ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬಂದೆ. ಕಳಕಿ ಅವ್ವನ ಸೊಂಟದಿಂದ ಇಳಿದು ಓಡಿಬಂದು ನನ್ನ ಸೀರೆ ಹಿಡಿದು, "ಅಜ್ಜೀ, ತೋಳು ಕೆರಿ" ಅಂತು.

ತಟ್ಟೆಯನ್ನು ಕಂಬಳಿಯ ಮೇಲೆ ಇಟ್ಟೆ. ಕುಬಸದ ಗುಂಡಿ ಬಿಚ್ಚಿ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿದೆ. ನಲವತ್ತು ವರ್ಷ ಕೆರೆದು ಕಪ್ಪಾಗಿ ದಪ್ಪಗಾದ ಆ ಚರ್ಮಕ್ಕೆ ಮೊದಲ ಸಲ ಪಡಸಾಲೆಯ ಬೆಳಕು ಬಿತ್ತು. ಕೂಸಿನ ತೋಳು ಹಿಡಿದು ನನ್ನ ತೋಳಿನ ಪಕ್ಕದಲ್ಲಿ ಇಟ್ಟೆ.

"ಮುದಿಯಪ್ಪಣ್ಣ, ಖಾಜಾಸಾಬ, ಛಲೋತ್ನಾಗಿ ನೋಡ್ರಿ. ಇದು ಯಾವ ಗದ್ದಿ ಕೆಸರು? ನಾ ಹುಟ್ಟಿದ್ದು ಎರಿಹೊಲದಾಗ. ಕುಷ್ಟಗ್ಯಾಗ ನನ್ನ ಗಂಡಗ ಹುಚ್ಚಿದ್ದಿಲ್ಲ. ನನಗ ಇದು ಇತ್ತು, ನಮ್ಮಪ್ಪ ಮುಚ್ಚಿ ಕೊಟ್ಟಿದ್ದ. ಆ ಕಾಗದದಾಗ ಸೊಸಿ ಹೆಸರಿಲ್ಲ, ನನ್ನ ತಮ್ಮನ ಹೆಸರೈತಿ. ಅಲ್ಲಿ ಮ್ಯಾಲೆ ತೂಗಹಾಕೇವಲ್ಲ, ಲಕ್ಷಗೆರಿ, ಆ ಗೆರಿನ ಇದರ ಗುರುತಂತ. ಡಾಕ್ಟರ್ ನನ್ನ ಮುಂದ ಹೇಳ್ಯಾರ. ನಂಬಿಕಿ ಇಲ್ಲಂದ್ರ ನಂಬರ್ ಐತಿ, ಕೇಳ್ರಿ." ಕನ್ನಡಕದ ಡಬ್ಬಿಯಿಂದ ಚೀಟಿ ತೆಗೆದು ರಂಜಿತಾಳ ಕೈಗೆ ಕೊಟ್ಟೆ.

ಎಲ್ಲರೂ ಮೇಲೆ ನೋಡಿದರು. ಕಟ್ಟಿನೊಳಗೆ ಅಪ್ಪನ ಕೈ ಇತ್ತು.

ಮುದಿಯಪ್ಪ ಗಾಳೇಶನ ಕಡೆ ತಿರುಗಿ, "ಖರೇ ಏನಪಾ?" ಎಂದ. ಗಾಳೇಶ ಅಪ್ಪನನ್ನು ನೋಡಿದ, ನೆಲವನ್ನು ನೋಡಿದ. ಆಮೇಲೆ, "ಹೌದ್ರಿ" ಅಂದ. ಮದುವೆಯಾದ ಮೇಲೆ ಹೆಂಡತಿಯ ಪರವಾಗಿ ಅವನು ಆಡಿದ್ದು ಅದೊಂದೇ ಶಬ್ದ. ಖಾಜಾಸಾಬ ಕಂಬಳಿಯಿಂದ ಎದ್ದು, ಚಹಾ ಮುಟ್ಟದೆ, "ವಿರುಪಣ್ಣ, ತೋಬಾ ತೋಬಾ" ಎಂದು ಚಪ್ಪಲಿ ಹುಡುಕತೊಡಗಿದ.

ನನ್ನ ತಮ್ಮ ಸತ್ತುಹೋಗುತ್ತಾನೆ ಎಂದುಕೊಂಡಿರಾ? ನಾಚಿಕೆಯಿಂದ ಸತ್ತವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಒಂದು ನಿಮಿಷ ಬೆವರು ಒರೆಸಿಕೊಂಡ, ಅಷ್ಟೇ. ಮರುಗಳಿಗೆಗೆ ಕಳಕಿಯನ್ನು ಬಾಚಿ ಎತ್ತಿಕೊಂಡು, ಅದರ ಅಂಗೈ ಬಿಡಿಸಿ ಪಂಚರಿಗೆ ತೋರಿಸಿ, "ಹಂಗಂದ್ರ ಇದು ರೋಗಲ್ಲ ಬಿಡ್ರಿ, ಮನೆತನದ ಗುರುತು! ನಮ್ಮ ರಕ್ತನ ಇದು, ಅದಕ್ಕ ಅಚ್ಚು ಒತ್ತಿದಂಗ ಬಂದೈತಿ. ಕೂಸು ನಮ್ಮದು, ಬಿಡಂಗಿಲ್ಲ. ತಳಕಲ್ಲಿಗೆ ನಾಳೆ ಬ್ಯಾಡಂತ ಹೇಳಿ ಕಳಸ್ತೀನಿ. ಏ ರಂಜಿತಾ, ಒಳಗ ನಡಿ, ಬೀಗರಿಗೆ ಅಡಗಿ ಮಾಡು. ಅನ್ನಾನ ಮಾಡು" ಎಂದ.

ರಂಜಿತಾ ಬಂದು ಅವನ ಕೈಯಿಂದ ಕೂಸನ್ನು ತೆಗೆದುಕೊಂಡಳು. ಒಳಗೆ ಹೋದಳು. ಅಡುಗೆಗಲ್ಲ. ಖಾರದಪುಡಿಯ ಡಬ್ಬಿಯ ಹಿಂದಿನ ಮುಲಾಮು, ಕೂಸಿನ ಎರಡು ಅಂಗಿ, ತನ್ನ ಎರಡು ಸೀರೆ ಒಂದು ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದಳು. "ಅಪ್ಪಾ, ನಡಿ. ಗಂಗಾವತಿ ಬಸ್ ತಪ್ತೈತಿ" ಎಂದಳು. ಗಾಳೇಶ ಒಂದು ಹೆಜ್ಜೆ ಮುಂದೆ ಇಟ್ಟ. ಅವಳು ಅವನನ್ನು ಕಂಬವನ್ನು ನೋಡಿದ ಹಾಗೆ ನೋಡಿದಳು. ವಿರುಪಣ್ಣ ಬಾಗಿಲಿಗೆ ಅಡ್ಡ ಬಂದ. ಮುದಿಯಪ್ಪ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ.

ನನಗೆ ಎದೆಯುಬ್ಬಿ ಬಂದಿತ್ತು, ಸುಳ್ಳು ಹೇಳುವುದಿಲ್ಲ. ನಲವತ್ತು ವರ್ಷದ ಮೇಲೆ ನಾನೊಂದು ಗಂಡು ಕೆಲಸ ಮಾಡಿದ್ದೆ. ಅವಳು ಹೋಗುವ ಮೊದಲು ನನ್ನನ್ನು ತಬ್ಬಿಕೊಂಡು ಅಳುತ್ತಾಳೆ ಎಂದು ಹೊಸ್ತಿಲ ಹತ್ತಿರ ನಿಂತೆ. ತೋಳು ಹಾಗೇ ಮೇಲಕ್ಕಿತ್ತು.

ಅವಳು ನನ್ನ ಎದುರು ನಿಂತಳು. ಚೀಟಿಯನ್ನು ಇನ್ನೂ ಹಿಡಿದಿದ್ದಳು. ಅದರ ಮೇಲೆ ಡಾಕ್ಟರ್ ತಾರೀಖು ಬರೆದಿದ್ದರು. ಎಂಟು ದಿನದ ಹಿಂದಿನದು. ತಾರೀಖು ನೋಡಿದಳು, ನನ್ನ ತೋಳು ನೋಡಿದಳು.

"ಅತ್ತೀ, ಕೂಸಿಗೆ ಐದು ತಿಂಗಳಿದ್ದಾಗ ನಿಮಗ ತೋರಿಸಿದ್ದೆ. ಅವತ್ತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತವಾ."

"ಸುಡೋ ನೀರು ಹಾಕುವಾಗ? ಸೋಪು ಹಚ್ಚುವಾಗ?"

ನಾನು ಕುಬಸದ ತೋಳನ್ನು ಕೆಳಕ್ಕೆ ಎಳೆಯಹೋದೆ.

"ಒಂದು ತೋಳು ಮಡಚಾಕ ನಾಕು ವರ್ಷ ಬೇಕಾತೇನ್ರಿ ನಿಮಗ?"

ಕೂಗಲಿಲ್ಲ, ಮೆಲ್ಲಗೇ ಕೇಳಿದಳು. ಅವಳು ಉಗುಳಿದ್ದರೆ ಒರೆಸಿಕೊಳ್ಳುತ್ತಿದ್ದೆ. ಉಗುಳಲಿಲ್ಲ. ಚೀಲವನ್ನು ಕೆಳಗಿಟ್ಟು, ಮನೆ ಬಿಡುವ ಸೊಸೆಯಂದಿರು ಮಾಡುವ ಹಾಗೆ, ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ಕೂಸನ್ನು ಎತ್ತಿಕೊಂಡು, ಚೀಲ ಹಿಡಿದು ಅಪ್ಪನ ಹಿಂದೆ ಹೋದಳು.